ಕಾಡಿನ ಹಾದಿಗೆ ಹೊರಡುವ ಮುನ್ನ

"ದೇಶ ಸುತ್ತಿ ನೋಡು, ಕೋಶ ಓದಿ ನೋಡು" ಎಂಬುದು ಕನ್ನಡದ ಹಳೆಯ ಗಾದೆ. ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಪ್ರವಾಸವನ್ನು ಏರ್ಪಡಿಸುವುದರ ಉದ್ದೇಶವೂ ಇದೇ. ಆದರೆ ದೇವಾಲಯವನ್ನೋ ಕೋಟೆಯನ್ನೋ ನೋಡಲು ಹೋಗುವುದಕ್ಕೂ ವನ್ಯಜೀವಿಗಳ ನೆಲೆಯನ್ನು ನೋಡಲು ಹೋಗುವುದಕ್ಕೂ ಮುಖ್ಯವಾದೊಂದು ವ್ಯತ್ಯಾಸವುಂಟು. ಕಲ್ಲಿನ ಗುಡಿ ಯಾವ ತಿಂಗಳಲ್ಲಿ ಹೋದರೂ ಇದ್ದಲ್ಲೇ ಇರುತ್ತದೆ. ನೋಡುವವರ ಗದ್ದಲಕ್ಕೆ ಅದು ಬೆದರುವುದಿಲ್ಲ. ಕಾಡಿನ ಜೀವಿ ಹಾಗಲ್ಲ. ಅದು ಋತುವನ್ನರಿತು ಬರುತ್ತದೆ, ಋತುವನ್ನರಿತು ಹೋಗುತ್ತದೆ. ಮನುಷ್ಯನ ಹೆಜ್ಜೆಯ ಸದ್ದು ಕೇಳಿದೊಡನೆ ಮರೆಯಾಗುತ್ತದೆ. ಮೊಟ್ಟೆಗೆ ಕಾವು ಕೊಡುತ್ತಿರುವ ಹಕ್ಕಿಯೊಂದು ಬೆದರಿ ಗೂಡನ್ನು ಬಿಟ್ಟು ಹಾರಿದರೆ, ಅಷ್ಟರಲ್ಲೇ ಬಿಸಿಲು ಮೊಟ್ಟೆಯನ್ನು ಕೆಡಿಸಬಹುದು. ಕಾಗೆ ಮರಿಯನ್ನು ಕಚ್ಚಿಕೊಂಡು ಹೋಗಬಹುದು. ಆದುದರಿಂದ ಇಂತಹ ಸ್ಥಳಗಳಿಗೆ ಹೊರಡುವ ಮುನ್ನ ಮಾಡಿಕೊಳ್ಳುವ ಸಿದ್ಧತೆ ಪ್ರವಾಸಿಗರ ಅನುಕೂಲಕ್ಕೆ ಮಾತ್ರವಲ್ಲ, ಆ ಜೀವಿಗಳ ಉಳಿವಿಗೂ ಅಗತ್ಯವಾದುದು.

ಕಾಡನ್ನು ಕಾಡಾಗಿಯೇ ಉಳಿಸಬೇಕೆಂಬ ಉದ್ದೇಶದಿಂದ ಅಮೆರಿಕದಲ್ಲಿ ೧೮೭೨ರಲ್ಲಿ ಯೆಲ್ಲೋಸ್ಟೋನ್ ಎಂಬ ರಾಷ್ಟ್ರೀಯ ಉದ್ಯಾನ ಸ್ಥಾಪಿತವಾಯಿತು. ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಅದು ಪ್ರಸಿದ್ಧವಾಗಿದೆ. ಭಾರತದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇಂತಹ ನೆಲೆಗಳಿಗೆ ಭದ್ರವಾದ ತಳಹದಿಯನ್ನು ಒದಗಿಸಿತು. ಈ ಕಾಯಿದೆಯಂತೆ ಇರುವ ರಕ್ಷಿತ ಪ್ರದೇಶಗಳಲ್ಲಿ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮಗಳು ಸೇರಿವೆ. ರಾಷ್ಟ್ರೀಯ ಉದ್ಯಾನದಲ್ಲಿ ದನಕರುಗಳನ್ನು ಮೇಯಿಸಲು ಅವಕಾಶವಿಲ್ಲ. ವನ್ಯಜೀವಿಧಾಮದಲ್ಲಿ ಸುತ್ತಲಿನ ಜನರ ಕೆಲವು ಹಕ್ಕುಗಳನ್ನು ನಿಯಮಕ್ಕೊಳಪಟ್ಟು ಮುಂದುವರಿಸಬಹುದು. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ ಮತ್ತು ಅಣಶಿ ಕರ್ನಾಟಕದ ಐದು ರಾಷ್ಟ್ರೀಯ ಉದ್ಯಾನಗಳು.

ಪ್ರವಾಸವೆಂದೊಡನೆ ವಿದ್ಯಾರ್ಥಿಗಳ ಮನಸ್ಸು ದೂರದ ಬಂಡೀಪುರದ ಕಡೆಗೆ, ಅಲ್ಲಿಯ ಆನೆ ಹುಲಿಗಳ ಕಡೆಗೆ ಹರಿಯುವುದು ಸಹಜ. ಆದರೆ ಅಂಗೈಯಲ್ಲಿರುವ ಬೆಣ್ಣೆಯನ್ನು ಮರೆತು ತುಪ್ಪಕ್ಕಾಗಿ ಊರೆಲ್ಲ ಅಲೆಯುವುದೇಕೆ? ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಭತ್ತ ಕಬ್ಬುಗಳಿಗೆ, ಗುಡಿ ಗೋಪುರಗಳಿಗೆ ಹೆಸರಾದವು. ಈ ನಾಲ್ಕು ತಾಲ್ಲೂಕುಗಳ ನಡುವೆಯೇ ಮೂರು ವನ್ಯಜೀವಿ ನೆಲೆಗಳಿವೆ. ಒಂದು ನದಿಯ ನಡುವಿನದು, ಒಂದು ಕುರುಚಲು ಬೆಟ್ಟದ್ದು, ಇನ್ನೊಂದು ಮಠದ ಮಗ್ಗುಲಿನದು. ಮೂರಕ್ಕೂ ಬೇರೆ ಬೇರೆ ಬಗೆಯ ಸಿದ್ಧತೆ ಬೇಕು.

ಮೊದಲನೆಯದು ಶ್ರೀರಂಗಪಟ್ಟಣಕ್ಕೆ ಸಮೀಪದಲ್ಲಿ ಕಾವೇರಿಯ ಮಡಿಲಲ್ಲಿರುವ ರಂಗನತಿಟ್ಟು. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಮೈಸೂರಿನ ಅರಸ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಕಟ್ಟೆಯನ್ನು ಕಟ್ಟಿಸಿದರು. ನೀರು ಹರಡಿ ನಿಂತು, ನದಿಯ ನಡುವೆ ಅಲ್ಲಲ್ಲಿ ತಿಟ್ಟುಗಳು ಉಳಿದುಕೊಂಡವು. ರೈತರ ಹೊಲಗಳಿಗಾಗಿ ಕಟ್ಟಿದ ಕಟ್ಟೆ ಹಕ್ಕಿಗಳಿಗೆ ಬಾಣಂತಿಮನೆಯಾಯಿತು. ಸುತ್ತಲೂ ನೀರಿರುವುದರಿಂದ ನರಿ, ಕಾಡುಬೆಕ್ಕು, ನಾಯಿಗಳು ಸುಲಭವಾಗಿ ಅತ್ತ ಸುಳಿಯಲಾರವು. ನೀರಿನಲ್ಲಿರುವ ಮೊಸಳೆಗಳೂ ಒಂದು ಬಗೆಯ ಕಾವಲುಗಾರರೇ. ಪಕ್ಷಿವಿಜ್ಞಾನಿ ಡಾ. ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಕುರಿತು ಸಮೀಕ್ಷೆ ನಡೆಸಿದಾಗ ಈ ತಿಟ್ಟುಗಳ ಮಹತ್ತ್ವವನ್ನು ಕಂಡುಕೊಂಡು, ಇವನ್ನು ರಕ್ಷಿಸಬೇಕೆಂದು ಮೈಸೂರಿನ ಅರಸರಿಗೆ ಮನವರಿಕೆ ಮಾಡಿಕೊಟ್ಟರು. ಅದರ ಫಲವಾಗಿ ೧೯೪೦ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇದರ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ, ಕೇವಲ ೦.೬೭ ಚದರ ಕಿಲೋಮೀಟರು. ಆದರೆ ಕೀರ್ತಿ ಕಿರಿದಲ್ಲ. ಜೌಗು ನೆಲೆಗಳ ರಕ್ಷಣೆಗಾಗಿ ೧೯೭೧ರಲ್ಲಿ ಇರಾನ್ ದೇಶದ ರಾಮ್ಸಾರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ೨೦೨೨ರಲ್ಲಿ ರಂಗನತಿಟ್ಟು ಸೇರಿತು. ಆ ಗೌರವವನ್ನು ಪಡೆದ ಕರ್ನಾಟಕದ ಮೊದಲ ತಾಣ ಇದೇ.

ಇಲ್ಲಿ ಕಾಣುವ ಹಕ್ಕಿಗಳನ್ನು ಅವುಗಳ ಕೊಕ್ಕಿನಿಂದಲೇ ಗುರುತಿಸಬಹುದು. ಬಾಯ್ಕಳಕದ ಮೇಲ್ಕೊಕ್ಕಿಗೂ ಕೆಳಕೊಕ್ಕಿಗೂ ನಡುವೆ ಒಂದು ಸಂದು ಇರುತ್ತದೆ. ನೀರಿನ ಬಸವನಹುಳುಗಳನ್ನು ಹಿಡಿದು ತಿನ್ನಲು ಅದು ತಕ್ಕ ಸಾಧನ. ಚಮಚಕೊಕ್ಕಿನ ಹಕ್ಕಿ ತನ್ನ ಚಪ್ಪಟೆ ಕೊಕ್ಕನ್ನು ನೀರಿನಲ್ಲಿ ಅತ್ತಿಂದಿತ್ತ ಆಡಿಸುತ್ತ ಆಹಾರವನ್ನು ಸೋಸಿಕೊಳ್ಳುತ್ತದೆ. ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ ನಡೆಯುತ್ತದೆ. ಮೀನು ತಗುಲಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಹೆಜ್ಜಾರ್ಲೆಗೆ ಕೊಕ್ಕಿನ ಕೆಳಗೆ ಜೋಳಿಗೆಯೇ ಉಂಟು. ನೀರುಕಾಗೆ ಮುಳುಗಿ ಬೇಟೆಯಾಡಿ, ಆಮೇಲೆ ಬಂಡೆಯ ಮೇಲೆ ನಿಂತು ರೆಕ್ಕೆಗಳನ್ನು ಬಿಸಿಲಿಗೆ ಹರಡುತ್ತದೆ. ಒಂದೇ ನದಿಯಲ್ಲಿ ಇಷ್ಟು ಬಗೆಯ ಹಕ್ಕಿಗಳು ಕೂಡಿ ಬಾಳಲು ಸಾಧ್ಯವಾಗಿರುವುದು ಈ ಊಟದ ಹಂಚಿಕೆಯಿಂದಲೇ. ಈ ಸಂಗತಿಗಳನ್ನು ಮೊದಲೇ ಓದಿಕೊಂಡು ಹೋದ ವಿದ್ಯಾರ್ಥಿಯ ಕಣ್ಣಿಗೆ ರಂಗನತಿಟ್ಟು ತೆರೆದ ಪುಸ್ತಕ. ಓದದೆ ಹೋದವನಿಗೆ ಎಲ್ಲವೂ ಬರಿಯ 'ಬಿಳಿ ಹಕ್ಕಿ'.

ರಂಗನತಿಟ್ಟಿಗೆ ಯಾವಾಗ ಹೋಗಬೇಕು? ಎಲ್ಲ ಹಕ್ಕಿಗಳೂ ಒಂದೇ ಕಾಲದಲ್ಲಿ ಗೂಡು ಕಟ್ಟುವುದಿಲ್ಲ. ಚಳಿಗಾಲದಲ್ಲಿ ದೂರದೇಶದ ವಲಸೆ ಹಕ್ಕಿಗಳು ಬರುತ್ತವೆ. ಬೇಸಗೆಯಲ್ಲಿ ಬಣ್ಣದ ಕೊಕ್ಕರೆಗಳು ರೆಕ್ಕೆಗಳನ್ನು ಕೊಡೆಯಂತೆ ಹರಡಿ ಮರಿಗಳಿಗೆ ನೆರಳು ಮಾಡಿ ನಿಲ್ಲುವ ದೃಶ್ಯವನ್ನು ಕಾಣಬಹುದು. ಮಳೆಗಾಲದಲ್ಲಿ ಮಾತ್ರ ಹೊರಡುವ ಮುನ್ನ ನದಿಯ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಕಡ್ಡಾಯ. ಪಕ್ಷಿಧಾಮಕ್ಕೆ ಮೇಲ್ಭಾಗದಲ್ಲಿ ಕೃಷ್ಣರಾಜಸಾಗರ ಅಣೆಕಟ್ಟೆಯಿದೆ. ಜಲಾಶಯ ತುಂಬಿ ಹೆಚ್ಚಿನ ನೀರನ್ನು ಹೊರಬಿಟ್ಟಾಗ ತಿಟ್ಟುಗಳ ತಗ್ಗಿನ ಭಾಗಗಳು ಮುಳುಗುತ್ತವೆ, ದೋಣಿವಿಹಾರವನ್ನು ನಿಲ್ಲಿಸಲಾಗುತ್ತದೆ. ೨೦೧೮ರಲ್ಲಿಯೂ ೨೦೧೯ರಲ್ಲಿಯೂ ಹೀಗೆಯೇ ಆಯಿತು. ನೀರು ಹೆಚ್ಚಿದರೆ ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ; ತೀರ ತಗ್ಗಿದರೆ ತಿಟ್ಟುಗಳು ದಡಕ್ಕೆ ಕೂಡಿಕೊಂಡು ಶತ್ರುಗಳಿಗೆ ದಾರಿ ತೆರೆಯುತ್ತದೆ. ಗದ್ದೆಗೆ ಹರಿಯುವ ನೀರು, ಊರಿಗೆ ಕುಡಿಯುವ ನೀರು, ಹಕ್ಕಿಯ ಗೂಡನ್ನು ಕಾಯುವ ನೀರು ಎಲ್ಲವೂ ಒಂದೇ ಕಾವೇರಿಯದು. ಈ ಸತ್ಯವನ್ನು ಅರಿತು ಬಂದರೆ ಅಲ್ಲಿಗೆ ಹೋದ ಪ್ರಯಾಣ ಸಾರ್ಥಕ.

ಎರಡನೆಯ ನೆಲೆ ಮೇಲುಕೋಟೆಯ ವನ್ಯಜೀವಿಧಾಮ. ಚೆಲುವನಾರಾಯಣಸ್ವಾಮಿಯ ದೇವಾಲಯ, ಬೆಟ್ಟದ ಮೇಲಿನ ಯೋಗಾನರಸಿಂಹನ ಗುಡಿ, ಕಲ್ಯಾಣಿ, ವೈರಮುಡಿ ಉತ್ಸವ ಇವುಗಳಿಂದ ಮೇಲುಕೋಟೆ ನಾಡಿಗೆಲ್ಲ ಪರಿಚಿತ. ಆದರೆ ಆ ಬೆಟ್ಟಗಳ ಸುತ್ತಲಿನ ಕುರುಚಲು ಕಾಡು ೧೯೭೪ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಸಂಗತಿ ಅಲ್ಲಿಗೆ ಬರುವ ಯಾತ್ರಿಕರಲ್ಲಿ ಅನೇಕರಿಗೆ ತಿಳಿಯದು. ಪಾಂಡವಪುರ ಮತ್ತು ಕೃಷ್ಣರಾಜಪೇಟೆ ತಾಲ್ಲೂಕುಗಳಲ್ಲಿ ಹಬ್ಬಿರುವ ಇದರ ವಿಸ್ತೀರ್ಣ ಸುಮಾರು ೪೯.೮ ಚದರ ಕಿಲೋಮೀಟರು. ಕೃಷ್ಣರಾಜಪೇಟೆಯ ಕಡೆಯ ನಾರಾಯಣದುರ್ಗ ಬೆಟ್ಟವೂ ಇದರ ಪರಿಸರಕ್ಕೆ ಸೇರಿದುದು. ಇಲ್ಲಿ ಮುಗಿಲು ಮುಟ್ಟುವ ಮರಗಳಿಲ್ಲ. ಜಾಲಿ, ಕಗ್ಗಲಿ, ಮುಳ್ಳುಪೊದೆ, ಹುಲ್ಲು, ಬಂಡೆ ಇವೇ ಹೆಚ್ಚು. ಅತಿ ಪ್ರಾಚೀನ ಸಸ್ಯವರ್ಗಕ್ಕೆ ಸೇರಿದ ಸೈಕಸ್ ಗಿಡಗಳು ಇಲ್ಲಿ ತಾವಾಗಿಯೇ ಬೆಳೆದಿವೆ. ಚಿರತೆ, ಕಾಡುಬೆಕ್ಕು, ಮುಸುವ, ಉಡ ಮುಂತಾದ ಪ್ರಾಣಿಗಳಿಗೆ ಇದು ಮನೆ. ಆದರೆ ಈ ಧಾಮವನ್ನು ಮುಖ್ಯವಾಗಿ ಕಲ್ಪಿಸಿದುದು ತೋಳಕ್ಕಾಗಿ.

ಹುಲಿಯಂತೆ ತೋಳಕ್ಕೆ ದಟ್ಟವಾದ ಅಡವಿ ಬೇಕಿಲ್ಲ. ಬಯಲು, ಹುಲ್ಲುಗಾವಲು, ಕುರುಚಲು ಪೊದೆ ಇವು ಅದರ ವಾಸಸ್ಥಾನ. ದುರದೃಷ್ಟವಶಾತ್ ಇಂತಹ ನೆಲವನ್ನು ಜನರು ಬಂಜರೆಂದು ಕರೆದು ಬೇರೆ ಬೇರೆ ಉಪಯೋಗಗಳಿಗೆ ತೆಗೆದುಕೊಳ್ಳುವುದೇ ರೂಢಿ. ಮೊಲ, ಇಲಿಗಳು ತೋಳದ ಆಹಾರ. ಅವು ಸಿಗದೆ ಹೋದಾಗ ಅದು ಕುರಿಮಂದೆಯ ಕಡೆಗೆ ತಿರುಗುತ್ತದೆ. ಕುರಿಗಾಹಿಗೆ ಒಂದೊಂದು ಕುರಿಯೂ ಬದುಕಿನ ಬಂಡವಾಳ. ರಾತ್ರಿ ಹಟ್ಟಿಯಿಂದ ಮರಿಯೊಂದು ಕಾಣೆಯಾದರೆ ಅವನಿಗಾಗುವ ಸಂಕಟ ಸಣ್ಣದಲ್ಲ. ತೋಳವನ್ನು ಉಳಿಸಬೇಕೆನ್ನುವವರು ಕುರಿಗಾಹಿಯ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಕಾಡುಪ್ರಾಣಿಗೆ ಬಲಿಯಾದ ಸಾಕುಪ್ರಾಣಿಗಳಿಗೆ ಸರ್ಕಾರವು ಪರಿಹಾರಧನ ಕೊಡುವ ವ್ಯವಸ್ಥೆ ಇರುವುದು ಈ ಕಾರಣದಿಂದಲೇ.

ತೋಳ ಇಲ್ಲದೆ ಹೋದರೆ ಆಗುವ ನಷ್ಟವೇನು ಎಂದು ಕೆಲವರು ಕೇಳಬಹುದು. ಇದಕ್ಕೆ ಯೆಲ್ಲೋಸ್ಟೋನ್ ಉದ್ಯಾನದ ಇತಿಹಾಸವೇ ಉತ್ತರ. ಅಲ್ಲಿ ತೋಳಗಳನ್ನು ಅಪಾಯಕಾರಿಗಳೆಂದು ಬಗೆದು ೧೯೨೬ರ ವೇಳೆಗೆ ಕೊಂದು ಮುಗಿಸಿದರು. ಬೇಟೆಯಾಡುವ ಪ್ರಾಣಿ ಇಲ್ಲವಾದಾಗ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಮಿತಿಮೀರಿ ಹೆಚ್ಚಿ, ನದಿಯ ದಡದ ಎಳೆಯ ಗಿಡಗಳನ್ನು ಮೇದು ಬೋಳುಮಾಡಿದವು. ಸುಮಾರು ಎಪ್ಪತ್ತು ವರ್ಷಗಳ ಅನಂತರ, ೧೯೯೫ರಲ್ಲಿ, ಕೆನಡದಿಂದ ತೋಳಗಳನ್ನು ತಂದು ಮತ್ತೆ ಅಲ್ಲಿ ಬಿಡಬೇಕಾಯಿತು. ಕಳೆದುಕೊಳ್ಳುವುದು ಸುಲಭ, ಮರಳಿ ಪಡೆಯುವುದು ಬಹು ಕಷ್ಟ.

ಮೇಲುಕೋಟೆಗೆ ಹೋದವರಿಗೆ ತೋಳ ಕಂಡೇ ಕಾಣುತ್ತದೆಂದು ಯಾರೂ ಭರವಸೆ ಕೊಡಲಾರರು. ಅದು ಕಣ್ಣಿಗೆ ಬೀಳುವುದು ಬಹಳ ಅಪರೂಪ. ಆದುದರಿಂದ ಇಲ್ಲಿಗೆ ಬರುವ ವಿದ್ಯಾರ್ಥಿ ಪ್ರಾಣಿಯನ್ನು ಹುಡುಕುವುದಕ್ಕಿಂತ ಅದರ ಗುರುತುಗಳನ್ನು ಓದುವುದನ್ನು ಕಲಿಯಬೇಕು. ಮಣ್ಣಿನ ಮೇಲಿನ ಹೆಜ್ಜೆ, ಕಲ್ಲಿನ ಮೇಲೆ ಬಿದ್ದ ಹಿಕ್ಕೆ, ಮರದ ತೊಗಟೆಯ ಮೇಲಿನ ಪರಚು ಗಾಯ, ಮುಳ್ಳುಕಂಟಿಗೆ ಸಿಕ್ಕಿದ ಕೂದಲು ಇವೆಲ್ಲ ಕಾಡಿನ ಅಕ್ಷರಗಳು. ನಾಯಿ ಜಾತಿಯ ಪ್ರಾಣಿಗಳ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರಿನ ಗುರುತು ಮೂಡುತ್ತದೆ. ಚಿರತೆ ನಡೆಯುವಾಗ ಉಗುರುಗಳನ್ನು ಒಳಗೆ ಎಳೆದುಕೊಳ್ಳುವುದರಿಂದ ಅದರ ಹೆಜ್ಜೆಯಲ್ಲಿ ಆ ಗುರುತು ಇರುವುದಿಲ್ಲ. ಇಷ್ಟು ತಿಳಿದಿದ್ದರೆ ಖಾಲಿ ಕಾಣುವ ದಾರಿಯೂ ಕಥೆ ಹೇಳುತ್ತದೆ.

ಮೂರನೆಯದು ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ. ನಾಥ ಪರಂಪರೆಯ ಪ್ರಸಿದ್ಧ ಮಠವಿರುವ ಈ ಕಲ್ಲುಗುಡ್ಡದ ತಪ್ಪಲಿನಲ್ಲಿ ೧೯೮೧ರಲ್ಲಿ ನವಿಲುಧಾಮ ಸ್ಥಾಪಿತವಾಯಿತು. ಇದರ ವಿಸ್ತೀರ್ಣ ಸುಮಾರು ೦.೮೮ ಚದರ ಕಿಲೋಮೀಟರು. ೧೯೬೩ರಲ್ಲಿ ಭಾರತದ ರಾಷ್ಟ್ರಪಕ್ಷಿಯೆಂದು ಘೋಷಿತವಾದ ನವಿಲನ್ನು ಅದರ ಸಹಜ ನೆಲೆಯಲ್ಲಿ ಇಲ್ಲಿ ನೋಡಬಹುದು. ಗಂಡುನವಿಲಿನ ಉದ್ದನೆಯ ಗರಿಗಳನ್ನು ಜನರು ಬಾಲವೆಂದು ಭಾವಿಸುತ್ತಾರೆ. ನಿಜವಾದ ಬಾಲ ಆ ಗರಿಗಳ ಕೆಳಗೆ ಗಿಡ್ಡವಾಗಿ, ಕಂದುಬಣ್ಣದ್ದಾಗಿ ಇರುತ್ತದೆ. ಗರಿಗಳು ಅರಳಿದಾಗ ಅವಕ್ಕೆ ಆಸರೆಯಾಗಿ ನಿಲ್ಲುತ್ತದೆ. ಮಳೆಗಾಲ ಕಳೆದ ಮೇಲೆ ಈ ಗರಿಗಳು ಉದುರಿ, ಮರುವರ್ಷಕ್ಕೆ ಹೊಸವು ಬೆಳೆಯುತ್ತವೆ. ನವಿಲಿನ ನರ್ತನವನ್ನು ನೋಡಬಯಸುವವರು ಗರಿ ಉದುರಿದ ತಿಂಗಳಲ್ಲಿ ಹೋಗಿ ನಿರಾಶರಾಗಬಾರದು. ಹೆಣ್ಣುನವಿಲು ನೆಲದ ಮೇಲೆ, ಪೊದೆಗಳ ಮರೆಯಲ್ಲಿ ಮೊಟ್ಟೆಯಿಡುತ್ತದೆ. ದಾರಿಯನ್ನು ಬಿಟ್ಟು ಪೊದೆಯೊಳಗೆ ನುಗ್ಗಬಾರದೆಂಬ ನಿಯಮಕ್ಕೆ ಇದೂ ಒಂದು ಕಾರಣ.

ಸ್ಥಳ ಮತ್ತು ಕಾಲಗಳನ್ನು ಗೊತ್ತುಮಾಡಿಕೊಂಡ ಮೇಲೆ ಉಳಿದ ಸಿದ್ಧತೆಗಳಿಗೆ ತೊಡಗಬೇಕು. ಮೂರು ಸ್ಥಳಗಳನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸುವ ಆತುರ ಸಲ್ಲದು. ಬಸ್ಸಿನ ಕಿಟಕಿಯಿಂದ ನೋಡಿದ ಮೂರು ಊರುಗಳಿಗಿಂತ ನಿಂತು ನೋಡಿದ ಒಂದು ಮರ ಹೆಚ್ಚು ಕಲಿಸುತ್ತದೆ. ವನ್ಯಜೀವಿಧಾಮದ ಒಳಗೆ ನಡೆದು ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಶಾಲೆಯ ಮುಖ್ಯೋಪಾಧ್ಯಾಯರು ಪ್ರವಾಸದ ದಿನ, ವಿದ್ಯಾರ್ಥಿಗಳ ಸಂಖ್ಯೆ, ಜೊತೆಯಲ್ಲಿ ಬರುವ ಅಧ್ಯಾಪಕರ ಹೆಸರು, ಅಧ್ಯಯನದ ಉದ್ದೇಶ ಇವುಗಳನ್ನು ಸ್ಪಷ್ಟವಾಗಿ ಬರೆದು ಸಾಕಷ್ಟು ದಿನ ಮುಂಚಿತವಾಗಿಯೇ ಮನವಿಯನ್ನು ಕಳುಹಿಸಬೇಕು. ಪ್ರವೇಶದ ಸಮಯ, ಶುಲ್ಕ, ದೋಣಿಯ ಸೌಕರ್ಯಗಳನ್ನು ವಿಚಾರಿಸಿಕೊಳ್ಳಬೇಕು. ಮೇಲುಕೋಟೆಯ ಕಾಡಿನಲ್ಲಿ ಚಿರತೆಗಳಿರುವುದರಿಂದ ಅರಣ್ಯ ರಕ್ಷಕರ ಜೊತೆಯಿಲ್ಲದೆ ಹೆಜ್ಜೆಯಿಡಬಾರದು; ಸಂಜೆಗತ್ತಲಾಗುವ ಮೊದಲೇ ಹಿಂದಿರುಗಬೇಕು. ದೊಡ್ಡ ತಂಡವನ್ನು ಹತ್ತು ಹನ್ನೆರಡು ಮಂದಿಯ ಸಣ್ಣ ಗುಂಪುಗಳಾಗಿ ವಿಂಗಡಿಸಿದರೆ ಸದ್ದೂ ಕಡಿಮೆ, ಕಲಿಯುವುದೂ ಹೆಚ್ಚು.

ಪ್ರತಿಯೊಬ್ಬ ವಿದ್ಯಾರ್ಥಿಯ ಚೀಲದಲ್ಲಿಯೂ ಟಿಪ್ಪಣಿ ಪುಸ್ತಕ, ಪೆನ್ಸಿಲು, ನೀರು, ಬುತ್ತಿ, ಬಿಸಿಲಿಗೆ ಟೋಪಿ ಇರಬೇಕು. ಗುಂಪಿಗೊಂದು ದುರ್ಬೀನು ಸಾಕು. ಬಟ್ಟೆಗಳು ಕಡು ಬಣ್ಣದವಾಗಿರದೆ ಮಣ್ಣು, ಎಲೆಗಳ ಬಣ್ಣಕ್ಕೆ ಹೊಂದುವಂತಿರಬೇಕು. ಮುಳ್ಳು ತುಳಿದರೂ ಚುಚ್ಚದಂತಹ ಗಟ್ಟಿ ಪಾದರಕ್ಷೆಗಳು ಅವಶ್ಯಕ. ಪ್ರಥಮಚಿಕಿತ್ಸೆಯ ಪೆಟ್ಟಿಗೆಯನ್ನು ಅಧ್ಯಾಪಕರು ಇಟ್ಟುಕೊಳ್ಳಬೇಕು. ಹಕ್ಕಿಗಳನ್ನು ಗುರುತಿಸಲು ಪುಸ್ತಕವೊಂದು ಜೊತೆಯಲ್ಲಿದ್ದರೆ ಉತ್ತಮ. ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಇಂತಹ ಕೆಲಸಕ್ಕೆ ನೆರವಾಗುವ ಕೃತಿ.

ಇನ್ನು ನಡವಳಿಕೆಯ ಮಾತು. ಧಾಮದೊಳಗೆ ಪ್ರಾಣಿಗಳನ್ನು ಕೆಣಕುವುದು, ಕಸವನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು ಕಾಯಿದೆಯಂತೆ ಅಪರಾಧ. ಒಣಹುಲ್ಲಿನ ಕಾಡಿನಲ್ಲಿ ಒಂದು ಬೆಂಕಿಕಡ್ಡಿ ಸಾಕು, ಎಷ್ಟೋ ಗೂಡುಗಳು, ಮರಿಗಳು ಬೂದಿಯಾಗಲು. ಎಸೆದ ತಿಂಡಿಯನ್ನು ತಿಂದು ರೂಢಿಯಾದ ಕೋತಿ ಕ್ರಮೇಣ ಕಾಡಿನ ಹಣ್ಣನ್ನು ಬಿಟ್ಟು ಯಾತ್ರಿಕರ ಕೈಚೀಲವನ್ನು ಕಸಿಯುತ್ತದೆ. ಆಮೇಲೆ ಅದನ್ನೇ ಪೀಡೆಯೆಂದು ಜನರು ಬಯ್ಯುತ್ತಾರೆ. ತಪ್ಪು ಕೋತಿಯದಲ್ಲ. ದೋಣಿಯಲ್ಲಿ ಎದ್ದು ನಿಲ್ಲುವುದು, ನೀರಿಗೆ ಕೈಯಿಳಿಸುವುದು, ಚಿತ್ರ ತೆಗೆಯುವ ಆಸೆಯಿಂದ ಗೂಡಿನ ಹತ್ತಿರಕ್ಕೆ ದೋಣಿಯನ್ನು ನಡೆಸೆಂದು ಅಂಬಿಗನನ್ನು ಒತ್ತಾಯಿಸುವುದು ಇವೆಲ್ಲ ವರ್ಜ್ಯ. ಅಂಬಿಗನೂ ಅರಣ್ಯ ರಕ್ಷಕನೂ ವರ್ಷವಿಡೀ ಆ ನೆಲೆಯನ್ನು ನೋಡುತ್ತಿರುವವರು. ಅವರನ್ನು ಗೌರವದಿಂದ ಕೇಳಿದರೆ ಯಾವ ಪುಸ್ತಕದಲ್ಲಿಯೂ ಇಲ್ಲದ ಸಂಗತಿಗಳು ತಿಳಿಯುತ್ತವೆ.

ಪ್ರವಾಸ ಮುಗಿದು ಊರಿಗೆ ಮರಳಿದೊಡನೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಕಂಡ ಹಕ್ಕಿ, ಅದರ ಸಂಖ್ಯೆ, ಸ್ಥಳ, ಹೊತ್ತು, ಅದು ಮಾಡುತ್ತಿದ್ದ ಕೆಲಸ ಇವುಗಳನ್ನು ದಿನಾಂಕದೊಡನೆ ಬರೆದಿಡಬೇಕು. ಒಂದು ವರ್ಷದ ಬರಹ ಕೇವಲ ನೆನಪು. ಹತ್ತು ವರ್ಷ ಅದೇ ಶಾಲೆಯ ಮಕ್ಕಳು ಅದೇ ತಿಂಗಳಲ್ಲಿ ಹೋಗಿ ಬರೆದಿಟ್ಟರೆ ಅದು ವಿಜ್ಞಾನ. ಯಾವ ಹಕ್ಕಿ ಹೆಚ್ಚಿತು, ಯಾವುದು ಕಡಿಮೆಯಾಯಿತು, ಯಾವುದು ಬರುವುದನ್ನೇ ನಿಲ್ಲಿಸಿತು ಎಂಬುದು ಇಂತಹ ದಾಖಲೆಗಳಿಂದಲೇ ತಿಳಿಯುವುದು. ರಂಗನತಿಟ್ಟು ಉಳಿದುದು ಒಬ್ಬ ವಿಜ್ಞಾನಿ ಗಮನವಿಟ್ಟು ನೋಡಿ, ನೋಡಿದುದನ್ನು ತಿಳಿಯಹೇಳಿದುದರಿಂದ. ಶ್ರೀರಂಗಪಟ್ಟಣದ ತಿಟ್ಟು, ಮೇಲುಕೋಟೆಯ ಕುರುಚಲು, ನಾಗಮಂಗಲದ ಕಲ್ಲುಗುಡ್ಡ ಮುಂದೆಯೂ ಉಳಿಯಬೇಕಾದರೆ ಹಾಗೆ ನೋಡಬಲ್ಲ ಕಣ್ಣುಗಳು ಪ್ರತಿಯೊಂದು ಊರಿನಲ್ಲಿಯೂ ಬೇಕು.

ಪದಗಳ ಅರ್ಥ

ತಿಟ್ಟು – ನೀರಿನ ನಡುವೆ ಎತ್ತರವಾಗಿರುವ ನೆಲ; ಅಡ್ಡಕಟ್ಟೆ – ನದಿಗೆ ಅಡ್ಡವಾಗಿ ಕಟ್ಟಿದ ಒಡ್ಡು; ಹಿಕ್ಕೆ – ಪ್ರಾಣಿಗಳ ಮಲ; ಹಟ್ಟಿ – ಕುರಿ ದನಗಳನ್ನು ಕೂಡುವ ಸ್ಥಳ; ವರ್ಜ್ಯ – ಬಿಡತಕ್ಕದ್ದು; ದುರ್ಬೀನು – ದೂರದ ವಸ್ತುಗಳನ್ನು ಹತ್ತಿರಕ್ಕೆ ತೋರಿಸುವ ಸಾಧನ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ರಂಗನತಿಟ್ಟು ಪಕ್ಷಿಧಾಮವಾದುದು ಯಾವಾಗ?
೨. ಮೇಲುಕೋಟೆಯ ವನ್ಯಜೀವಿಧಾಮವನ್ನು ಮುಖ್ಯವಾಗಿ ಯಾವ ಪ್ರಾಣಿಗಾಗಿ ಕಲ್ಪಿಸಲಾಯಿತು?
೩. ಚಿರತೆಯ ಹೆಜ್ಜೆಯಲ್ಲಿ ಉಗುರಿನ ಗುರುತು ಇರುವುದಿಲ್ಲ, ಏಕೆ?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಕಾವೇರಿಯ ನೀರಿನ ಏರಿಳಿತ ರಂಗನತಿಟ್ಟಿನ ಹಕ್ಕಿಗಳನ್ನು ಹೇಗೆ ಬಾಧಿಸುತ್ತದೆ?
೨. ತೋಳದ ರಕ್ಷಣೆ ಮತ್ತು ಕುರಿಗಾಹಿಯ ಹಿತ ಇವೆರಡನ್ನೂ ಕೂಡಿಯೇ ಯೋಚಿಸಬೇಕು, ಏಕೆ?
೩. ಯೆಲ್ಲೋಸ್ಟೋನ್ ಉದ್ಯಾನದ ಅನುಭವದಿಂದ ಕಲಿಯಬೇಕಾದ ಪಾಠವೇನು?

ಇ. ಸಂದರ್ಭವನ್ನು ಸೂಚಿಸಿ ವಿವರಿಸಿರಿ.
೧. "ಇವೆಲ್ಲ ಕಾಡಿನ ಅಕ್ಷರಗಳು."
೨. "ತಪ್ಪು ಕೋತಿಯದಲ್ಲ."

ಈ. ಬಿಡಿಸಿ ಬರೆದು ಸಂಧಿಯ ಹೆಸರನ್ನು ತಿಳಿಸಿರಿ: ಊರೆಲ್ಲ, ಅಲ್ಲಲ್ಲಿ, ಸಂಜೆಗತ್ತಲು.

ಉ. ನಿಮ್ಮ ಶಾಲೆಯಿಂದ ಹತ್ತಿರದ ಪಕ್ಷಿಧಾಮಕ್ಕೆ ಅಧ್ಯಯನ ಪ್ರವಾಸ ಹೋಗಲು ಅನುಮತಿ ಕೋರಿ ಅರಣ್ಯಾಧಿಕಾರಿಗಳಿಗೆ ಒಂದು ಮನವಿಪತ್ರವನ್ನು ಬರೆಯಿರಿ.